ಬಂಡೆಯ ಮೇಲಿನ ಯಂತ್ರ

ಮೈಕನ್ನು ಯಾರೋ ಬೆರಳಿನಿಂದ ತಟ್ಟುತ್ತಿದ್ದಾರೆ, ಟಕ್ ಟಕ್, ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿದೆ, ಕೇಳಿಸ್ತಾ ಇದೆಯಾ ಎಲ್ರಿಗೂ, ಕೇಳಿಸುತ್ತಿದೆ ಸ್ವಾಮಿ, ನೀವು ಪಿಸುಗುಟ್ಟಿದರೂ ಊರಿಗೆಲ್ಲ ಕೇಳಿಸುತ್ತದೆ, ನಿಮ್ಮದೇ ಕಚೇರಿಯಲ್ಲಿ ಅವಳು ವರ್ಷಗಟ್ಟಲೆ ಬಾಯಿ ಬಡಿದುಕೊಂಡದ್ದು ಮಾತ್ರ ಪಕ್ಕದ ಕುರ್ಚಿಗೂ ಕೇಳಿಸಲಿಲ್ಲ — ಭೂಕಂಪ ಕಚೇರಿಯ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು, ಬೆನ್ನ ಹಿಂದೆ ಎಲ್ಲರೂ ಬಂಡೆ ಸಾಹೇಬರು ಎನ್ನುವ ಮನುಷ್ಯ, ಪತ್ರಕರ್ತರತ್ತ ನಗುತ್ತಿದ್ದಾರೆ, ಎಲ್ಲಿಂದ ಬರುತ್ತದೋ ಈ ಮುಖಕ್ಕೆ ನಗು, ನಮ್ಮ ಯಂತ್ರ ಸರಿಯಾಗೇ ಹೇಳಿದೆ, ಮೊದಲನೇ ಕಂಪನ ಸಣ್ಣದೇ — ಹೌದು, ಸರಿಯಾಗೇ ಹೇಳಿದೆ, ಅದಕ್ಕೇ ತಾನೇ ಹೊಟ್ಟೆ ಉರಿಯುವುದು, ಕಂಪನ ಅಳೆಯಲು ಊರಿಗೆಲ್ಲ ಇರುವ ಒಂದೇ ಒಂದು ಯಂತ್ರ, ಗುಡ್ಡದ ತುದಿಯಲ್ಲಿ ಗಟ್ಟಿ ಬಂಡೆಗೆ ಬೋಲ್ಟು ಹಾಕಿ ಕೂರಿಸಿದ್ದು, ತಾನು ಕೂತ ಬಂಡೆಯ ಸುದ್ದಿ ಅದು ಹೇಳಿತು, ಕೆಳಗಿನ ಊರಿನ ಗೊಡವೆ ಅದಕ್ಕೇಕೆ.

ಕೆಳಗಿನ ಊರು ಇರುವುದು ಯಾವ ಕಾಲದಲ್ಲೋ ಹೂತುಹೋದ ಕೆರೆಯ ಮೇಲೆ, ಸುತ್ತ ಕಲ್ಲಿನ ಬೋಗುಣಿ, ಒಳಗೆ ಆಳದವರೆಗೂ ಮೆತ್ತನೆಯ ಹೂಳು — ಅಕ್ಕನ ಅಡುಗೆಮನೆಯಲ್ಲೇ ಮೊಸರಿನ ಪಾತ್ರೆ ತಟ್ಟಿ ತೋರಿಸಿದ್ದಳು ಅವಳು, ನೋಡೇ, ಪಾತ್ರೆ ನಿಂತ್ರೂ ಮೊಸರು ಅಲ್ಲಾಡ್ತಾನೇ ಇದೆ, ದೂರದಿಂದ ಬಂದ ಕಂಪನದ ಅಲೆ ಈ ಹೂಳಲ್ಲಿ ನಿಧಾನ ಆಗುತ್ತೆ, ದೊಡ್ಡದಾಗುತ್ತೆ, ಅಂಚಿಗೆ ಬಡಿದು ವಾಪಸ್ ಬರುತ್ತೆ, ಹೊರಗೆ ಹೋಗೋಕೆ ದಾರೀನೇ ಸಿಗಲ್ಲ ಅದಕ್ಕೆ, ಅಕ್ಕ ಪಾತ್ರೆ ಕಿತ್ತುಕೊಂಡು, ಸಾಕು ತಾಯಿ, ಮೊಸರೆಲ್ಲ ನೀರು ಬಿಡುತ್ತೆ, ನಿನ್ನ ಕೈಗೆ ಸಿಕ್ಕಿದ್ದೆಲ್ಲ ಪಾಠ, ಭಾವ ಬಿದ್ದು ಬಿದ್ದು ನಕ್ಕಿದ್ದರು — ಬಂಡೆ ಸಾಹೇಬರಿಗೂ ಹೇಳಿದ್ದಳಲ್ಲ, ಇನ್ನೊಂದು ಯಂತ್ರ ಕೆಳಗೆ ಹಾಕೋಣ ಸರ್, ಅವರು ಕಣ್ಣೆತ್ತದೆ, ಹೂಳಲ್ಲಿ ಇಟ್ರೆ ಲಾರಿ ಬಸ್ಸಿನ ಗದ್ದಲ ಬಿಟ್ರೆ ಇನ್ನೇನಮ್ಮಾ ಸಿಗುತ್ತೆ, ನಮಗೆ ಬೇಕಾಗಿರೋದು ಶುದ್ಧವಾದ ದಾಖಲೆ, ಶುದ್ಧವಂತೆ, ಜನ ಇರುವ ಕಡೆಯೆಲ್ಲ ಗದ್ದಲ, ಯಾರೂ ಇಲ್ಲದ ಗುಡ್ಡ ಶುದ್ಧ, ಜನರನ್ನು ಕಾಯುವ ಕಚೇರಿ ಇದು, ಥೂ.

ಮೊದಲ ಕಂಪನಕ್ಕೇ ಕೆಳಗಿನವರೆಲ್ಲ ಬೀದಿಗೆ ಓಡಿಬಂದಿದ್ದರು, ನೆಲ ಬಾಯ್ಬಿಟ್ಟು ಕೆಸರು ಕಕ್ಕಿತ್ತು, ಅವಳು ಗುಡ್ಡದ ಮೇಲಿನ ಕಚೇರಿಯಲ್ಲಿ, ಅಕ್ಕನ ಫೋನು ಸಿಗುತ್ತಿಲ್ಲ, ಸಾಹೇಬರ ಮುಂದೆ ಗೋಗರೆಯುತ್ತಿದ್ದಾಳೆ, ಬೇಡ ಸರ್, ಕೆಳಗಡೆ ಬೇರೆ ಥರ ಇರುತ್ತೆ, ಈಗ್ಲೇ ಹೇಳ್ಬೇಡಿ, ಅವರು ಆಗಲೇ ರೇಡಿಯೋದವರಿಗೆ ಹೇಳುತ್ತಿದ್ದಾರೆ, ಗಾಬರಿ ಬೇಡ, ಸಣ್ಣದು, ಎಲ್ಲರೂ ಒಳಗೆ ಹೋಗಬಹುದು — ಮುಂದಿನದನ್ನು ಭಾವ ಹೇಳಿದ್ದು ಆಸ್ಪತ್ರೆಯ ಬೆಂಚಿನ ಮೇಲೆ, ತಲೆಗೆ ಪಟ್ಟಿ, ದನಿಯಲ್ಲಿ ಸಿಟ್ಟು ಕೂಡ ಇಲ್ಲ, ನಾನು ಬೇಡ ಅಂದೆ ಕಣಮ್ಮ, ಗೋಡೆ ಬಿರುಕು ನೋಡು ಅಂದೆ, ನಿಮ್ಮಕ್ಕ ಕೇಳ್ಬೇಕಲ್ಲ, ನನ್ನ ತಂಗಿ ಆಫೀಸಿನೋರೇ ಹೇಳಿದ್ಮೇಲೆ ಇನ್ನೇನ್ರೀ, ಅವಳೇ ಹೇಳಿಸಿರ್ತಾಳೆ ಅಂದ್ಳು, ಬಾಗಿಲಲ್ಲಿ ನಿಂತು ಕಾಲೊರೆಸಿಕೊಂಡ್ಳು, ಒಳಗೆ ಹೋದ್ಳು, ಎರಡನೇದು ಬಂತು. ಅವಳೇ ಹೇಳಿಸಿರ್ತಾಳೆ. ಪಾಠ ಅಕ್ಕನ ತಲೆಗೆ ಹತ್ತಲಿಲ್ಲ, ಪಾಠ ಹೇಳಿದ ತಂಗಿಯ ಮೇಲಿನ ನಂಬಿಕೆ ಮಾತ್ರ ಉಳಿಯಿತು, ಆ ನಂಬಿಕೆಯೇ ಅಕ್ಕನನ್ನು ಒಳಗೆ ಕರೆದೊಯ್ದಿತು.

ಮೈಕು ಅವಳ ಕಡೆ ಬರುತ್ತಿದೆ, ಸಾಹೇಬರೇ ಚಾಚುತ್ತಿದ್ದಾರೆ, ಪಾಪ, ಇವರ ಮನೇಲೂ ಸಾವಾಗಿದೆ, ಇವರೇ ಹೇಳಲಿ, ಯಂತ್ರದಲ್ಲಿ ಏನಾದ್ರೂ ತಪ್ಪಿತ್ತಾ — ಎಂಥ ಜಾಣ, ತಪ್ಪಿತ್ತು ಎಂದರೆ ಸುಳ್ಳು, ಇಲ್ಲ ಎಂದು ಸುಮ್ಮನೆ ಕೂತರೆ ಅಕ್ಕನನ್ನು ಇನ್ನೊಮ್ಮೆ ಹೂತಂತೆ, ಎದ್ದು ನಿಂತಳು, ಮೈಕು ಹಿಡಿದಳು, ಯಂತ್ರ ಸರಿಯಿತ್ತು, ಇಟ್ಟ ಜಾಗ ತಪ್ಪು, ಒಳಗೆ ಹೋಗಿ ಅಂದಿದ್ದು ತಪ್ಪು, ಬೇಡ ಅಂತ ನಾನು ಇವರಿಗೆ ಹೇಳಿದ್ದೆ — ಹೇಳಿಯೇಬಿಟ್ಟಳು, ಸಾಹೇಬರ ನಗು ಸತ್ತಿದೆ, ಪೆನ್ನುಗಳು ಓಡುತ್ತಿವೆ, ಈಗ ಓಡಿ ಏನು ಬಂತು, ಅಕ್ಕ ಬಾಗಿಲಲ್ಲಿ ಕಾಲೊರೆಸುತ್ತಾಳೆ, ಮೇಡಂ ಇನ್ನೊಂದ್ಸಲ ಹೇಳಿ, ಯಾರಿಗೆ ಹೇಳಿದ್ರಿ, ಯಾವಾಗ, ಅಕ್ಕ ಕಾಲೊರೆಸುತ್ತಾಳೆ, ಒಳಗಿನ ನೆಲ ಗಲೀಜಾಗಬಾರದಲ್ಲ, ಎಡಗಾಲು, ಮೇಡಂ, ಮೇಡಂ, ಬಲಗಾಲು, ಒರೆಸುತ್ತಾಳೆ, ಒರೆಸುತ್ತಲೇ ಇದ್ದಾಳೆ