ಸಿಟ್ಟಿಲ್ಲದ ಕೈ

ಮುಂಡಾಜೆಯ ಅಬ್ದುಲ್ ಶುಕೂರ್ ಬಾಣ ಕಟ್ಟುವವ. ದೈವದ ನೇಮಕ್ಕೂ ದರ್ಗಾದ ಉರೂಸಿಗೂ ಆಕಾಶಕ್ಕೆ ಬಿಡುವ ಈ ಬಾಣಕ್ಕೆ ಪೇಟೆಯವರು ರಾಕೆಟ್ ಎನ್ನುತ್ತಾರೆ. ತಂದೆ ಉಮ್ಮರ್ ಬ್ಯಾರಿ ಕಲಿಸಿಕೊಟ್ಟ ಕೆಲಸ. ಗುಡ್ಡದ ಬದಿಯ ಒಂಟಿ ಶೆಡ್ಡಿನಲ್ಲಿ ಇಬ್ಬರು ಎದುರೆದುರು ಕೂರಬೇಕು. ಒಬ್ಬ ಕೊಳವೆ ಹಿಡಿಯಬೇಕು, ಇನ್ನೊಬ್ಬ ಮರದ ಕೋಲಿನಿಂದ ಮದ್ದು ಕುಟ್ಟಬೇಕು. ಏಟು ಸ್ವಲ್ಪ ಬಿರುಸಾದರೆ ಇಬ್ಬರೂ ಇಲ್ಲ.

ಅದಕ್ಕೇ ಉಮ್ಮರ್ ಬ್ಯಾರಿ ಒಂದು ಕಟ್ಟಳೆ ಮಾಡಿಟ್ಟಿದ್ದರು. ಕೂರುವ ಮೊದಲು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು, ಯಾರ ಮೇಲಾದರೂ ಸಿಟ್ಟು ಉಂಟಾ ಎಂದು. ಉಂಟು ಎಂದರೆ ಆ ದಿನ ಕೆಲಸ ಇಲ್ಲ. ಯಾಕೆ ಎಂದು ಕೇಳುವ ಹಾಗೂ ಇಲ್ಲ. ದೇವರು ಕೊಟ್ಟ ಕೈಯನ್ನು ಸಿಟ್ಟಿಗೆ ಕೊಡಬಾರದು ಎನ್ನುವುದು ಅವರ ಮಾತು.

ಎದುರು ಕೂರುವವನು ಕಮಲಾಕ್ಷ. ಇಪ್ಪತ್ತಾರು ವರ್ಷದಿಂದ ಅವನೇ. ಪ್ರಶ್ನೆಗೆ ಅವನು ನೆಟ್ಟಗೆ ಉತ್ತರ ಕೊಟ್ಟದ್ದು ಕಡಿಮೆ. "ಬೆಳಗ್ಗೆ ಹೆಂಡತಿ ಮೇಲೆ ಇತ್ತು ಮಾರಾಯ, ನಾಲ್ಕು ನೀರುದೋಸೆ ತಿಂದ ಮೇಲೆ ಇಳಿಯಿತು. ಕುಟ್ಟು ಬ್ಯಾರಿ," ಎನ್ನುತ್ತಿದ್ದ. ಒಮ್ಮೆ ಮಾತ್ರ, ತಮ್ಮನ ಜೊತೆ ಜಾಗದ ಜಗಳವಾದ ದಿನ, ಉಂಟು ಎಂದಿದ್ದ. ಶುಕೂರ್ ಶೆಡ್ಡಿಗೆ ಬೀಗ ಹಾಕಿದ್ದ.

ತೊಂಬತ್ತೆಂಟರ ಆ ವರ್ಷ ತೋಡಾರಿನ ನೇಮಕ್ಕೆ ಹನ್ನೆರಡು ಬಾಣ ಹೇಳಿದ್ದರು. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಶುಕೂರ್ ಐದು ಬಾಣ ಕುಟ್ಟಿದ. ಸೋಮವಾರ ಲೈಸೆನ್ಸಿನ ಕೆಲಸಕ್ಕೆಂದು ಬೆಳ್ತಂಗಡಿಯ ಆಫೀಸಿಗೆ ಹೋದ. ಪ್ರತಿ ವರ್ಷ ಒಂದು ಮೊಹರು ಬಿದ್ದರೆ ಮುಗಿಯುತ್ತಿತ್ತು. ಈ ಸಲ ಗುಮಾಸ್ತ ಕೂರಲು ಹೇಳಿ, ಒಂದು ಅರ್ಜಿ ತೆಗೆದು ಮುಂದಿಟ್ಟ. ಶೆಡ್ಡಿನ ಹಿಂದಿನ ಗೋಡೆ ಬಿರುಕು ಬಿಟ್ಟಿದೆ, ಮಳೆನೀರು ಒಳಗೆ ಬರುತ್ತದೆ, ಊರಿಗೆ ಅಪಾಯ, ಲೈಸೆನ್ಸು ಮುಂದುವರಿಸಬಾರದು ಎಂದಿತ್ತು. ಬರೆದದ್ದು ಸುಳ್ಳಲ್ಲ. ಆ ಬಿರುಕು ಶೆಡ್ಡಿನೊಳಗಿನ ಒಂದು ಡ್ರಮ್ಮಿನ ಹಿಂದೆ ಇತ್ತು. ನೇಮ ಮುಗಿದ ಮೇಲೆ ಸಿಮೆಂಟು ಮೆತ್ತುವ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಅದು ಗೊತ್ತಿದ್ದದ್ದು ಆ ಇಬ್ಬರಿಗೇ.

ಕೆಳಗೆ ಕಮಲಾಕ್ಷನ ಸಹಿ. ಶುಕ್ರವಾರದ ತಾರೀಕು.

ಶುಕೂರ್ ಕಾಗದ ಹಿಂದೆ ಕೊಟ್ಟ. ಲೈಸೆನ್ಸು ಹೋದರೆ ಈ ವಯಸ್ಸಿನಲ್ಲಿ ಬೇರೆ ಯಾವ ಕೆಲಸವೂ ಬಾರದು ಎಂಬುದು ಅವನಿಗೆ ಗೊತ್ತಿತ್ತು. ಆದರೂ ಚಾರ್ಮಾಡಿ ಬಸ್ಸಿನಲ್ಲಿ ಕೂತು ಅವನು ಯೋಚಿಸಿದ್ದು ಅದನ್ನಲ್ಲ. ಶುಕ್ರವಾರ ಬೆಳಗ್ಗೆ ಆ ಅರ್ಜಿ ಕೊಟ್ಟು ಬಂದವನು ಮಧ್ಯಾಹ್ನ ತನ್ನ ಎದುರು ಕೂತು ಕೊಳವೆ ಹಿಡಿದಿದ್ದ. ಕೇಳಿದ್ದಕ್ಕೆ ಸಿಟ್ಟಿಲ್ಲ ಎಂದಿದ್ದ. ಕೊಳವೆ ಒಂದು ಸಲವೂ ಅಲುಗಿರಲಿಲ್ಲ.

ಶೆಡ್ಡಿನಲ್ಲಿ ಕಮಲಾಕ್ಷ ಬಾಣದ ಬಾಲದ ಬಿದಿರುಕಡ್ಡಿ ಹೆರೆಯುತ್ತಿದ್ದ. ಶುಕೂರ್ ಚಪ್ಪಲಿ ಬಿಚ್ಚದೆ ಬಾಗಿಲಲ್ಲಿ ನಿಂತ. ಅರ್ಜಿ ನೋಡಿ ಬಂದೆ ಎಂದ.

ಕಮಲಾಕ್ಷ ಕತ್ತಿ ಕೆಳಗಿಟ್ಟ. ಇಲ್ಲ ಎನ್ನಲಿಲ್ಲ. ತನ್ನ ಅಳಿಯ ಶೇಖರ ಬೆಳ್ತಂಗಡಿಯಲ್ಲಿ ಶಿವಕಾಶಿ ಪಟಾಕಿಯ ಅಂಗಡಿ ಹಾಕುತ್ತಾನಂತೆ. ಇಲ್ಲಿ ಬಾಣ ಸಿಗುವಷ್ಟು ದಿನ ನೇಮದವರು ಅಲ್ಲಿಗೆ ಹೋಗುವುದಿಲ್ಲವಂತೆ. ಮಗಳು ಕಣ್ಣೀರು ಹಾಕಿದಳಂತೆ. ಎಲ್ಲವನ್ನೂ ನಿಧಾನವಾಗಿ, ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿದ.

"ಶುಕ್ರವಾರ ಸಿಟ್ಟು ಉಂಟಾ ಎಂದು ಕೇಳಿದ್ದೆ. ಇಲ್ಲ ಅಂದೆ ನೀನು," ಎಂದ ಶುಕೂರ್.

"ಇರಲಿಲ್ಲ ಬ್ಯಾರಿ. ದೈವದಾಣೆ. ನಿನ್ನ ಮೇಲೆ ನನಗೆ ಯಾಕೆ ಸಿಟ್ಟು?" ಕಮಲಾಕ್ಷನ ಮುಖದಲ್ಲಿ ನಿಜವಾದ ಆಶ್ಚರ್ಯ ಇತ್ತು. "ಅಂಗಡಿಯಲ್ಲಿ ನಿನಗೂ ಒಂದು ಕುರ್ಚಿ ಇಡಲು ಹೇಳಿದ್ದೇನೆ ಅವನಿಗೆ."

ಶುಕೂರ್ ಹಿಂದಿನ ಗೋಡೆಯ ಡ್ರಮ್ಮಿನ ಕಡೆ ನೋಡಿದ. ಸಿಟ್ಟಿನಿಂದ ಮಾಡಿದ್ದರೆ ಒಂದು ದಿನ ಇಳಿಯುತ್ತಿತ್ತು. ಸಿಟ್ಟೇ ಇಲ್ಲದೆ ಮಾಡಿದ್ದು ಇಳಿಯುವುದು ಎಲ್ಲಿಂದ? ಬಾಪ ಉಮ್ಮರ್ ಬ್ಯಾರಿ ಇಂಥದ್ದನ್ನು ಕೇಳಲು ಹೇಳಿಕೊಟ್ಟಿರಲಿಲ್ಲ.

"ಉಳಿದ ಏಳು ಕುಟ್ಟುವ, ಬಾ. ತೋಡಾರಿನವರು ದಿನ ಇಟ್ಟಾಗಿದೆ," ಎಂದ ಕಮಲಾಕ್ಷ.

"ನನಗೆ ಉಂಟು," ಎಂದ ಶುಕೂರ್.

ಕಮಲಾಕ್ಷ ಯಾಕೆ ಎಂದು ಕೇಳಲಿಲ್ಲ.

ಇಳಿಹೊತ್ತಿನ ಅಸರ್ ನಮಾಜಿಗೆ ಸಮಯವಾಗಿತ್ತು. ಶುಕೂರ್ ಕೊಡದ ನೀರಿನಲ್ಲಿ ಕೈಕಾಲು ಮುಖ ತೊಳೆದು ವುಳೂ ಮಾಡಿ ಗೇರುಮರದ ಕೆಳಗೆ ಹೆಗಲ ಬೈರಾಸು ಹಾಸಿದ. ಪಡುವಣದ ಬಿಸಿಲು ಮುಖಕ್ಕೆ ಬೀಳುತ್ತಿತ್ತು. ನಮಾಜಿನ ಕೊನೆಗೆ ಬಲಕ್ಕೆ ಕತ್ತು ತಿರುಗಿಸಿ ಸಲಾಂ ಹೇಳಿದ. ಎಡಗಡೆ ಶೆಡ್ಡು, ಬಾಗಿಲಲ್ಲಿ ಕಮಲಾಕ್ಷ. ಆ ಕಡೆಗೂ ಶಾಂತಿ ಕೋರಿಯೇ ನಮಾಜು ಮುಗಿಸುವ ಕ್ರಮ. ಶುಕೂರ್‌ನ ಕತ್ತು ನಿಧಾನವಾಗಿ ತಿರುಗಿತು, ತುಟಿ ಹೇಳಿತು. ಅದು ಅಲ್ಲಾಹನಿಗಾಗಿ ಹೇಳಿದ್ದು.

ಮದ್ದಿನ ತಟ್ಟೆಗೆ ಕೊಡದ ನೀರು ಸುರಿದು, ಕಮಲಾಕ್ಷ ಹೊರಗೆ ಬರುವವರೆಗೆ ಕಾದು, ಬೀಗ ಹಾಕಿದ. ಮನೆಯಲ್ಲಿ ಹೆಂಡತಿ ಮಾಜಿದಾ ಚಹಾ ಕೊಡುತ್ತಾ ಆಫೀಸಿನಲ್ಲಿ ಏನಂದರು ಎಂದು ಕೇಳಿದಳು.

"ತೋಡಾರಿಗೆ ಹೇಳಿ ಕಳಿಸಬೇಕು," ಎಂದ ಶುಕೂರ್. "ಬಾಣ ಇಲ್ಲ. ಕೊಳವೆ ಹಿಡಿಯಲು ಜನ ಇಲ್ಲ."