ಎರವಲು ತಂದ ಗುಲಾಬಿ ಮಂಚ

ತಾಗುಹಿ ಹೇಳಿದ್ದರಲ್ಲಿ ಗೋಜಲೇನೂ ಇರಲಿಲ್ಲ. ಬಾಗಿಲಲ್ಲೇ ನಿಂತು, ಚೌಕಟ್ಟಿನ ಮೇಲೆ ಒಂದು ಕೈಯಿಟ್ಟು, ಕಿವಿ ಮಂದವಾದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದ್ದಳು.

"ಅಜ್ಜಿ, ಬರೋ ವಾರ ನಮ್ಮ ಸಂಸ್ಥೆಯೋರು ಯೆರೆವಾನಿಂದ ಮನೆ ನೋಡೋಕೆ ಬರ್ತಾರೆ. ಶೋಗೆರ್‌ನೂ ಕರ್ಕೊಂಡು ಬರ್ತೀವಿ. ನೀವೇನೂ ಮಾಡ್ಬೇಡಿ. ಮನೆ ಹೆಂಗಿದ್ಯೋ ಹಂಗೇ ಇರ್ಲಿ. ಒಂದು ಲೋಟ ಕಾಫಿ ಕೊಟ್ರೆ ಸಾಕು."

"ಆಯ್ತು ಮಗಳೇ," ಎಂದಳು ನುನುಫರ್.

ಕೆಟ್ಟಿದ್ದು ಅಲ್ಲೇ. ನಮ್ಮ ಶಿರಾಕ್ ಕಡೆ ಮನೆಗೆ ಬರುವವರು ಯಾವತ್ತಾದರೂ 'ಏನಾದರೂ ಮಾಡಿ' ಎಂದು ಬಾಯಿಬಿಟ್ಟು ಹೇಳಿದ್ದುಂಟೇ? ಏನೂ ಬೇಡ ಅನ್ನುವುದೇ ಮರ್ಯಾದಸ್ಥರ ಮಾತು. ಒಂದು ಸಲ ಬೇಡ ಅಂದರೆ ಕೋಳಿ ಕೊಯ್ಯಬೇಕು, ಎರಡು ಸಲ ಅಂದರೆ ಕುರಿ. ತಾಗುಹಿ ಪಾಪ, ಹೊರಟ ಮೇಲೂ ಕಾರಿನ ಕಿಟಕಿ ಇಳಿಸಿ ಇನ್ನೊಂದು ಸಲ ಬೇಡ ಅಂದಿದ್ದಳು.

ಕಾರು ಹೋದ ಮೇಲೆ ನುನುಫರ್ ಒಳಗೆ ಬಂದು ತನ್ನ ಮನೆಯನ್ನು ಪರರ ಕಣ್ಣಿಂದ ನೋಡಿದಳು. ಭೂಕಂಪದ ವರ್ಷ ಒಂದು ಪಕ್ಕ ಕುಸಿದ ಮನೆ ಅದು. ಉಳಿದ ಒಂದೂವರೆ ಕೋಣೆಯಲ್ಲಿ ಬದುಕು. ಗೋಡೆಯ ಮೇಲೆ ತೇವ ಇಳಿದು ಕಂದು ಬಣ್ಣದ ಗೆರೆಗಳು. ಸೂರು ಸೋರುವ ಕಡೆ ಒಂದು ತಗಡಿನ ಬಕೆಟ್ಟು. ಬೆರಣಿ ಹಾಕುವ ಕಬ್ಬಿಣದ ಒಲೆ, ಅದರ ಕೊಳವೆಗೆ ತಂತಿ ಕಟ್ಟಿದೆ. ಮಲಗುವುದಕ್ಕೆ ಒಂದೇ ಒಂದು ಹಾಸಿಗೆ.

ಅವಳ ಮಗ ರಫಿಕ್ ಕಟ್ಟಡದ ಕೆಲಸಕ್ಕೆಂದು ರಷ್ಯಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡ. ಸೊಸೆ ಅದಕ್ಕೂ ಮೊದಲೇ ತೀರಿಹೋಗಿದ್ದಳು. ಅವರ ಮಗಳು ಶೋಗೆರ್‌ಗೆ ನಾಲ್ಕು ತುಂಬಿದ ಚಳಿಗಾಲದಲ್ಲಿ ನುನುಫರ್ ಹಿಮದ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಊರಿನವರು ಸೇರಿ ಮಗುವನ್ನು ಗ್ಯುಮ್ರಿಯ ಮಕ್ಕಳ ಹಾಸ್ಟೆಲಿಗೆ ಸೇರಿಸಿದರು. ಈ ಚಳಿಗಾಲ ಒಂದು ಕಳೆಯಲಿ ಅಂದಿದ್ದರು. ಮಗುವಿಗೆ ಈಗ ಆರು ದಾಟಿತ್ತು.

ತಾಗುಹಿಯ ಸಂಸ್ಥೆ ಅಂಥ ಮಕ್ಕಳನ್ನು ಹಾಸ್ಟೆಲಿಂದ ಬಿಡಿಸಿ ಅವರವರ ಮನೆಗೆ ತಂದುಬಿಡುವ ಕೆಲಸ ಮಾಡುತ್ತಿತ್ತು. ಮನೆ ನೋಡುತ್ತಾರೆ. ಸೂರು ಹೋಗಿದ್ದರೆ ಸೂರು, ಒಲೆ ಇಲ್ಲದಿದ್ದರೆ ಒಲೆ, ಚಳಿಗಾಲಕ್ಕೆ ಸೌದೆ, ಮಗುವಿಗೊಂದು ಮಂಚ ಕೊಡುತ್ತಾರೆ. ಆ ವರ್ಷ ಕೆಲವೇ ಮನೆಗಳಿಗೆ ಆಗುವಷ್ಟು ದುಡ್ಡು ಇತ್ತು. ಇದನ್ನೆಲ್ಲ ತಾಗುಹಿ ಹೇಳಿದ್ದಳು, ನುನುಫರ್ ಕೇಳಿಯೂ ಇದ್ದಳು. ಆದರೆ ತಲೆಯಲ್ಲಿ ಕೂತದ್ದು ಒಂದೇ ಮಾತು: ಮನೆ ನೋಡೋಕೆ ಬರ್ತಾರೆ.

ನೇರ ಪಕ್ಕದ ಮನೆಯ ಪಾರ್ಗೆವ್‌ನ ಹತ್ತಿರ ಹೋದಳು. ಅವಳ ಗಂಡನ ಗೆಳೆಯ ಅವನು. ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು.

"ಅತ್ತಿಗೆ, ಬೇಜಾರು ಮಾಡ್ಕೋಬೇಡ. ನಿನ್ನ ಮನೆ ಗೋಡೆ ನೋಡಿದ್ರೆ ಅವ್ರು ಅಳ್ತಾರೆ, ಸೂರು ನೋಡಿದ್ರೆ ಓಡ್ತಾರೆ," ಎಂದ ಪಾರ್ಗೆವ್.

"ಹೆಂಗಿದ್ಯೋ ಹಂಗೇ ಇರ್ಲಿ ಅಂದ್ಲು ಕಣೋ ಆ ಹುಡುಗಿ."

"ಅನ್ನದೆ ಇನ್ನೇನಂತಾಳೆ? ಕುರಿ ಕೊಯ್ದು ಕಾಯ್ತಾ ಇರಿ ಅಂತಾಳಾ? ಯೋಚನೆ ಮಾಡು. ಬೆಚ್ಚಗಿರೋ ಹಾಸ್ಟೆಲ್ ಬಿಡಿಸಿ ಮಗೂನ ಆ ಬಕೆಟ್ ಪಕ್ಕ ಮಲಗ್ಸು ಅಂತ ಯಾರಾದ್ರೂ ಕಳಿಸ್ತಾರಾ?"

ನುನುಫರ್‌ಗೂ ಅದೇ ಸರಿ ಕಂಡಿತು. ಅವರು ಬರುವ ಹಿಂದಿನ ದಿನವೆಲ್ಲ ಸಾಮಾನು ಸಾಗಿಸಿದರು. ಪಾರ್ಗೆವ್‌ನ ಕೆಂಪು ರತ್ನಗಂಬಳಿ ಗೋಡೆಯ ಮೇಲೆ ಏರಿ ತೇವದ ಗೆರೆಗಳನ್ನು ಮುಚ್ಚಿತು. ಅವನ ಟೀವಿ ಬಂತು, ಮಗಳ ಮದುವೆಯಲ್ಲಿ ಬಂದ ಹರಳಿನ ಲೋಟಗಳು ಬಂದವು. ಕೊನೆಗೆ ಅವನು ಬೆನ್ನ ಮೇಲೆ ಹೊತ್ತು ತಂದದ್ದು ಒಂದು ಚಿಕ್ಕ ಮಂಚ. ಗುಲಾಬಿ ಬಣ್ಣ, ತಲೆಯ ಕಡೆ ಮೊಲದ ಚಿತ್ರ. ಅವನ ಮೊಮ್ಮಗಳದು. ಆ ಮಗು ಅಪ್ಪ ಅಮ್ಮನ ಜೊತೆ ರಷ್ಯಾದ ರಸ್ತೋವ್‌ಗೆ ಹೋದ ಮೇಲೆ ಪಾರ್ಗೆವ್ ಅದರ ಮೇಲೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ.

"ಇದು ಬೇಡ ಪಾರ್ಗೆವ್," ಎಂದಳು ನುನುಫರ್.

"ಸುಮ್ನಿರು. ಮಂಚ ಇಲ್ದೆ ಮಗೂನ ಎಲ್ಲಿ ಮಲಗಿಸ್ತೀಯ, ತಂದೂರಿಗೆ ಬಡಿಯೋ ಲಾವಾಶ್ ರೊಟ್ಟಿ ಥರ ಗೋಡೆಗೆ ಅಂಟಿಸ್ತೀಯಾ?"

ಕುರಿಯನ್ನೂ ಅವನೇ ಕೊಯ್ದ.

ಮರುದಿನ ಮಧ್ಯಾಹ್ನ ಕಾರು ಬಂತು. ಮುಂದೆ ಸಂಸ್ಥೆಯ ಯಜಮಾನ, ಬಿಳಿ ಗಡ್ಡದ ಸಭ್ಯ ಮನುಷ್ಯ. ಹಿಂದೆ ತಾಗುಹಿ, ಅವಳ ಪಕ್ಕ ಶೋಗೆರ್. ಮಗುವಿನ ಕೂದಲನ್ನು ಹಾಸ್ಟೆಲಿನಲ್ಲಿ ಚಿಕ್ಕದಾಗಿ ಕತ್ತರಿಸಿದ್ದರು. ನುನುಫರ್ ಓಡಿಹೋಗಿ ಅವಳ ಕೆನ್ನೆ ಹಿಡಿದು, "ನಿನ್ನ ನೋವೆಲ್ಲ ನಂಗಿರಲಿ, ಜಾನ್" ಎಂದಳು. ಜಾನ್ ಅಂದರೆ ಜೀವ; ನಮ್ಮಲ್ಲಿ ಅಜ್ಜಿಯರು ದಿನಕ್ಕೆ ನೂರು ಸಲ ಹೇಳುವ ಮಾತು. ಹಾಸ್ಟೆಲಿನಲ್ಲಿ ಯಾರೂ ಹಾಗೆ ಹೇಳುವವರಿಲ್ಲವೋ ಏನೋ, ಮಗು ನೋವು ಎಲ್ಲಿದೆ ಎಂದು ತನ್ನ ಮೊಣಕಾಲು ನೋಡಿಕೊಂಡಿತು.

ಒಳಗೆ ಕಾಲಿಟ್ಟ ತಾಗುಹಿ ಗೋಡೆ ನೋಡಿದಳು, ಮೇಜು ನೋಡಿದಳು. ಸುಟ್ಟ ಮಾಂಸ, ಗಿಣ್ಣು, ಉಪ್ಪಿನಲ್ಲಿ ಹಾಕಿದ ಕಾಯಿಗಳು, ಹಸಿರು ಸೊಪ್ಪು, ಗಾತಾ ಎಂಬ ಸಿಹಿ ರೊಟ್ಟಿ, ನಡುವೆ ಹಿಪ್ಪುನೇರಳೆ ಸಾರಾಯಿ. ಅವಳೂ ಹಳ್ಳಿಯ ಹುಡುಗಿಯೇ. ಎಲ್ಲ ಎರವಲು ಎಂದು ತಿಳಿದು ಮುಖದ ಬಣ್ಣ ಇಳಿದುಹೋಯಿತು.

"ಅಜ್ಜಿ," ಎಂದಳು ಮೆಲ್ಲಗೆ, "ಏನು ಮಾಡ್ಬಿಟ್ರಿ ನೀವು?"

"ಏನೂ ಇಲ್ಲ ಮಗಳೇ, ಮನೇಲಿದ್ದಿದ್ದೇ. ಕೂತ್ಕೋ."

ಶೋಗೆರ್ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಮೊಲದ ಮಂಚದ ಮುಂದೆ ನಿಂತುಬಿಟ್ಟಿತ್ತು. ನಾಲ್ಕು ವರ್ಷಕ್ಕೆ ಮನೆ ಬಿಟ್ಟ ಮಗುವಿಗೆ ಹಳೆಯ ಮನೆಯ ನೆನಪೆಲ್ಲಿಂದ ಬರಬೇಕು?

"ಇದು ಯಾರ್ದು?"

"ನಿಂದೇ ಚಿನ್ನ. ಇನ್ಯಾರ್ದು?" ಎಂದಳು ನುನುಫರ್.

ಮಗು ಮಂಚದ ಮೇಲೆ ಕೂತು, ಶೂ ಬಿಚ್ಚಿ, ಎರಡನ್ನೂ ಜೋಡಿಸಿ ಮಂಚದ ಕೆಳಗೆ ಒಳಕ್ಕೆ ತಳ್ಳಿತು.

ಪಾರ್ಗೆವ್ ಮೇಜಿನ ತಲೆಯ ಕಡೆ ಕೂತು ಲೋಟ ಎತ್ತಿದ. ಸತ್ತವರ ಹೆಸರಲ್ಲಿ ಕುಡಿದರು, ಮಕ್ಕಳ ಹೆಸರಲ್ಲಿ ಕುಡಿದರು, ಮೂರನೆಯ ಲೋಟವನ್ನು ಅವನು ಈ ಮನೆಯ ಹೆಸರಲ್ಲಿ ಎತ್ತಿದ. "ಈ ಮನೆ ಬಡವರ ಮನೆ ಅಂತ ಯಾರಾದ್ರೂ ಅಂದ್ರೆ ನಾನು ನಂಬಲ್ಲ. ಇವಳ ಮಗ ರಷ್ಯಾದಲ್ಲಿ ಚೆನ್ನಾಗಿ ದುಡೀತಾನೆ. ತಾಯೀನ ಮರೆಯೋ ಮಗ ಅಲ್ಲ ಅವ್ನು."

ತಾಗುಹಿ ಮೇಜಿನ ಕೆಳಗೆ ನುನುಫರ್‌ಳ ಕಾಲನ್ನು ಒತ್ತಿದಳು. "ಅಜ್ಜಿ, ಸೂರಿನ ವಿಷಯ ಹೇಳಿ."

"ಸೂರು ಅಂದ್ರೆ ಮಳೆ ಬಂದಾಗ ಒಂದೆರಡು ಹನಿ. ಯಾರ ಮನೇಲಿ ಬೀಳಲ್ಲ?"

ಯಜಮಾನ ತಾನೇ ಕೇಳಿದ: "ಅಮ್ಮ, ಮನೆಗೆ ಏನೇನು ಬೇಕು, ಸಂಕೋಚ ಮಾಡ್ದೆ ಹೇಳಿ."

ನುನುಫರ್‌ಳ ಬಾಯಿಯ ತುದಿಗೆ ಬಂದಿತ್ತು. ಸುಳ್ಳಲ್ಲ, ಬಂದಿತ್ತು. ಆದರೆ ನೆಂಟರು ತನ್ನ ಮೇಜಿನ ಮುಂದೆ ಕೂತು, ತನ್ನ ರೊಟ್ಟಿ ಮುರಿಯುತ್ತಿರುವಾಗ ನನಗೆ ಅದಿಲ್ಲ ಇದಿಲ್ಲ ಎಂದು ಯಾವ ಹೆಂಗಸು ಹೇಳುತ್ತಾಳೆ? ಅವರು ಬಾಯಿಗಿಟ್ಟ ತುತ್ತನ್ನು ಕಿತ್ತುಕೊಂಡ ಹಾಗೆ.

"ಏನೂ ಬೇಡ ಸ್ವಾಮಿ. ದೇವರು ಕೊಟ್ಟಿದ್ದಾನೆ. ಮಗು ಒಂದು ಮನೆಗೆ ಬಂದ್ರೆ ಸಾಕು."

ಹೊರಡುವ ಹೊತ್ತಿಗೆ ಶೋಗೆರ್ ಶೂ ಹಾಕಿಕೊಳ್ಳಲು ಒಪ್ಪಲಿಲ್ಲ. ತಾಗುಹಿ ಮೊಣಕಾಲೂರಿ, ಬಗ್ಗಿ, ಮಂಚದ ಕೆಳಗಿಂದ ಅವನ್ನು ಎಳೆದು ತೆಗೆದಳು.

"ಇವತ್ತೇ ಇರ್ಬಾರ್ದಾ?" ಎಂದಿತು ಮಗು.

"ಇವತ್ತಲ್ಲ ಜಾನ್. ಬೇಗ ಬರ್ತೀಯ," ಎಂದಳು ನುನುಫರ್. ಕಾರು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿದಳು. ಆಮೇಲೆ ಅವಳೂ ಪಾರ್ಗೆವ್‌ನೂ ಸೇರಿ ರತ್ನಗಂಬಳಿ ಸುತ್ತಿ, ಮಂಚ ಎತ್ತಿ, ಎಲ್ಲವನ್ನೂ ವಾಪಸ್ಸು ಸಾಗಿಸಿದರು. ಇಬ್ಬರಿಗೂ ಖುಷಿಯೋ ಖುಷಿ. ಎಂಥ ಊಟ ಹಾಕಿದೆವು, ಆ ಯಜಮಾನ ಎರಡು ಸಲ ಮಾಂಸ ಹಾಕಿಸಿಕೊಂಡ ಎಂದು ಮಾತಾಡಿಕೊಂಡರು.

ಮೊದಲ ಹಿಮ ಬಿದ್ದ ಮೇಲೆ ತಾಗುಹಿ ಒಬ್ಬಳೇ ಬಂದಳು. ಕೂರಲಿಲ್ಲ.

"ಈ ವರ್ಷದ ದುಡ್ಡು ಬೇರೆ ಮನೆಗಳಿಗೆ ಹೋಯ್ತು ಅಜ್ಜಿ. ನಾನು ಹೇಳ್ದೆ, ಅದೆಲ್ಲ ಎರವಲು ಅಂತ. 'ಕಣ್ಣಾರೆ ನೋಡಿದೀನಿ, ಕಿವಿಯಾರೆ ಕೇಳಿದೀನಿ, ಆ ಮುದುಕಿ ಸುಳ್ಳು ಹೇಳಿದ್ಲು ಅಂತೀಯಾ' ಅಂದ್ರು ಯಜಮಾನ್ರು. ನಾನೇನು ಹೇಳ್ಲಿ?"

"ಮಗು?"

"ಒಳ್ಳೇ ಒಲೆ ಇಲ್ದೆ, ಸೌದೆ ಇಲ್ದೆ ಹೆಂಗೆ ಕರ್ಕೊಂಡು ಬರೋದು? ವಸಂತಕ್ಕೆ ಮತ್ತೆ ಕೇಳ್ತೀನಿ."

ನುನುಫರ್ ಕಣ್ಣೀರು ಹಾಕಲಿಲ್ಲ. ವಸಂತ ಏನು ಮಹಾ ದೂರ ಎಂದುಕೊಂಡಳು. ಒಣದ್ರಾಕ್ಷಿ, ಅಕ್ರೋಟು ಕಟ್ಟಿಕೊಂಡು ಬಸ್ಸು ಹತ್ತಿ ಹೊಸ ವರ್ಷಕ್ಕೆ ಮಗುವನ್ನು ನೋಡಲು ಹೋದಳು.

ಶೋಗೆರ್ ಹಾಸ್ಟೆಲಿನ ಮೆಟ್ಟಿಲಿನ ಮೇಲೇ ನಿಂತಿತು. ಕೆಳಗೆ ಇಳಿಯಲಿಲ್ಲ.

"ಬಾ ಚಿನ್ನ. ನಿನ್ನ ನೋವೆಲ್ಲ ನಂಗಿರಲಿ, ಬಾ."

"ನನ್ನ ಮಂಚದ ಮೇಲೆ ಈಗ ಯಾರು ಮಲಗ್ತಾರೆ?"

ನುನುಫರ್‌ಗೆ ಒಂದು ಕ್ಷಣ ಯಾವ ಮಂಚ ಎಂಬುದೇ ಹೊಳೆಯಲಿಲ್ಲ.

"ಯಾರೂ ಮಲಗಲ್ಲ."

"ಖಾಲಿ ಇದ್ಯಾ?"

"ಹ್ಞೂಂ."

"ಖಾಲಿ ಇದ್ರೆ ನಂಗ್ಯಾಕೆ ಕೊಡಲ್ಲ?"

ಆಗ ಮುದುಕಿಗೆ ಅರ್ಥವಾಯಿತು. ಈ ಮಗು ಹಾಸ್ಟೆಲಿನ ಸಾಲು ಹಾಸಿಗೆಯಲ್ಲಿ ಮಲಗಿ ದಿನವೂ ಏನು ನೋಡುತ್ತಿತ್ತು ಎಂಬುದು. ಕೆಂಪು ಗಂಬಳಿ, ಟೀವಿ, ಮೇಜಿನ ತುಂಬ ಮಾಂಸ, ತನ್ನದೇ ಒಂದು ಮಂಚ. ಅಷ್ಟೆಲ್ಲ ಇಟ್ಟುಕೊಂಡ ಅಜ್ಜಿ ತನ್ನೊಬ್ಬಳನ್ನು ಮಾತ್ರ ಇಟ್ಟುಕೊಳ್ಳಲಿಲ್ಲ.

"ಅದು ನಮ್ದಲ್ಲ ಕಣೇ. ಪಾರ್ಗೆವ್ ತಾತಂದು. ಕೇಳಿ ತಂದಿದ್ದೆ."

"ನಂದೇ ಅಂದಿದ್ದೆ ನೀನು."

ಅಕ್ರೋಟಿನ ಗಂಟು ಮೆಟ್ಟಿಲ ಮೇಲೇ ಉಳಿಯಿತು. ನುನುಫರ್ ನೇರ ತಾಗುಹಿಯ ಕಚೇರಿಗೆ ಹೋಗಿ, ಜೀವಮಾನದಲ್ಲಿ ಯಾರನ್ನೂ ಬೇಡದವಳು ಬೇಡಿದಳು. "ಒಂದೇ ಒಂದು ಸಲ ಕರ್ಕೊಂಡು ಬಾ. ನನ್ನ ಮನೆ ತೋರಿಸ್ಬೇಕು ಅವಳಿಗೆ. ಇದ್ದ ಹಾಗೇ."

ತಾಗುಹಿ ಕರೆತಂದಳು. ನುನುಫರ್ ಏನನ್ನೂ ಮುಚ್ಚಲಿಲ್ಲ, ಗುಡಿಸಲೂ ಇಲ್ಲ. ಮಗು ಒದ್ದೆ ಗೋಡೆ ನೋಡಿತು. ಬಕೆಟ್ಟಿನಲ್ಲಿ ಮಂಜುಗಟ್ಟಿದ್ದ ನೀರಿಗೆ ಬೆರಳಿಟ್ಟು ನೋಡಿತು. ಹಾಸಿಗೆ ಎತ್ತಿ ನೋಡಿತು, ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿತು.

"ಎಲ್ಲಿ ಬಚ್ಚಿಟ್ಟಿದ್ದೀಯ?"

"ಬಾ, ತೋರಿಸ್ತೀನಿ," ಎಂದು ನುನುಫರ್ ಅದರ ಕೈ ಹಿಡಿದು ಪಕ್ಕದ ಮನೆಗೆ ಕರೆದುಕೊಂಡು ಹೋದಳು. ತಾಗುಹಿ ಹಿಂದೆಯೇ ಬಂದಳು.

ಪಾರ್ಗೆವ್ ಕಿಟಕಿಯಿಂದ ಸಂಸ್ಥೆಯ ಕಾರನ್ನು ಆಗಲೇ ನೋಡಿದ್ದ. ಮತ್ತೆ ತನಿಖೆಗೆ ಬಂದಿದ್ದಾರೆ ಎಂದೇ ಅವನ ಲೆಕ್ಕ. ಬಾಗಿಲು ತೆರೆದರೆ ಒಳಗೆ ಮೊಲದ ಮಂಚ ನೇರ ಕಣ್ಣಿಗೆ ಬೀಳುತ್ತಿತ್ತು.

"ಪಾರ್ಗೆವ್, ಮಗೂಗೆ ಹೇಳು. ಈ ಮಂಚ ಯಾರ್ದು?" ಎಂದಳು ನುನುಫರ್.

ಅವನು ತಾಗುಹಿಯ ಮುಖ ನೋಡಿದ. ಎದೆಯ ಮೇಲೆ ಕೈಯಿಟ್ಟುಕೊಂಡ.

"ನಿಮ್ಮಜ್ಜೀದೇ ಮಗಾ. ಮನೇಲಿ ಜಾಗ ಸಾಲ್ದು, ನೀನೇ ಇಟ್ಕೋ ಪಾರ್ಗೆವ್ ಅಂತ ನಂಗೆ ಕೊಟ್ಬಿಟ್ಲು. ಧಾರಾಳಿ ಅವಳು."

"ಪಾರ್ಗೆವ್. ನಿಜ ಹೇಳು."

"ನಿಜಾನೇ ಅತ್ತಿಗೆ. ನಾಚ್ಕೊಳೋದೇನಿದೆ? ನಿನ್ನ ಮನೇಲೇನು ಕೊರತೆ?"

ಶೋಗೆರ್ ಅಜ್ಜಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಿತು. ಮುಂದೆ ಏನಾಯಿತು ಎಂದರೆ ನುನುಫರ್ ಕಿರುಚಿದಳು, ಪಾರ್ಗೆವ್‌ನ ಮುಖ ಬೆಳ್ಳಗಾಯಿತು, ರೊಟ್ಟಿ ಮುಟ್ಟಿ ಆಣೆಯಿಟ್ಟು ಮಂಚ ನನ್ನ ಮೊಮ್ಮಗಳದು, ಮೊದಲಿಂದಲೂ ಅವಳದೇ ಎಂದು ಹೇಳಿದ. ಹೇಳುತ್ತ ಅಳುತ್ತಲೂ ಇದ್ದ. ಆದರೆ ಮಗು ಅಷ್ಟರಲ್ಲಿ ಹೋಗಿ ಕಾರಿನಲ್ಲಿ ಕೂತಾಗಿತ್ತು. ಶೂಗಳ ದಾರವನ್ನು ಬಿಗಿಯಾಗಿ ಕಟ್ಟಿಕೊಂಡಿತ್ತು.

ಕಾರಿನ ಕಿಟಕಿಗೆ ಮುಖವಿಟ್ಟು ನುನುಫರ್ ಅದೇ ಹಳೆಯ ಮಾತು ಹೇಳಿದಳು. "ನಿನ್ನ ನೋವೆಲ್ಲ ನಂಗಿರಲಿ, ಜಾನ್."

ಮಗು ಎದುರಿನ ಸೀಟನ್ನೇ ನೋಡುತ್ತಿತ್ತು.

ಆ ದಿನ ಕಂಡದ್ದನ್ನೆಲ್ಲ ತಾಗುಹಿ ಯಜಮಾನನಿಗೆ ಹೇಳಿದಳು. ಈ ಸಲ ಅವನು ನಂಬಿದ. ಹಿಮ ಕರಗುತ್ತಲೇ ಕೆಲಸದವರು ಬಂದು ಹೊಸ ತಗಡು ಹೊದಿಸಿದರು, ಗೋಡೆಗೆ ಗಾರೆ ಬಳಿದರು. ದಪ್ಪ ಕಬ್ಬಿಣದ ಒಲೆ ಬಂತು, ಹಿತ್ತಿಲ ತುಂಬ ಸೌದೆ ಬಂತು. ಒಂದು ಮರದ ಮಂಚವೂ ಬಂತು. ಹೊಸ ಹಲಗೆಯ ವಾಸನೆ ಮನೆಯನ್ನೆಲ್ಲ ತುಂಬಿತು. ಯಾರು ಕೇಳಿದರೂ ನುನುಫರ್, "ಇದು ನಮ್ದೇ, ನಮ್ಗೇ ಕೊಟ್ಟಿದ್ದು" ಎಂದು ಹೇಳುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು.

ಸಂಸ್ಥೆಯಲ್ಲಿ ಒಂದು ಪದ್ಧತಿ ಇದೆ. ಮನೆ ಸಿದ್ಧವಾದ ಮೇಲೆ ಮಗುವನ್ನು ಒಂದು ಮಾತು ಕೇಳುತ್ತಾರೆ. ಒಲ್ಲೆ ಅಂದ ಮಗುವನ್ನು ಎಳೆದು ತರುವುದಿಲ್ಲ. ಒಳ್ಳೆಯ ಪದ್ಧತಿಯೇ.

ತಾಗುಹಿ ಬಂದಾಗ ನುನುಫರ್ ಕಾರಿನ ಹಿಂದಿನ ಬಾಗಿಲನ್ನು ನೋಡಿದಳು. ಅದು ತೆರೆಯಲಿಲ್ಲ.

"ಏನಂದ್ಲು?"

"ಹಾಸ್ಟೆಲಲ್ಲೇ ಇರ್ತೀನಿ ಅಂದ್ಲು ಅಜ್ಜಿ."

"ಮಂಚದ ವಿಷಯ ಹೇಳಿದ್ಯಾ?"

"ಹೇಳ್ದೆ." ತಾಗುಹಿ ನೆಲ ನೋಡಿದಳು. "ಅದನ್ನೂ ಯಾರಿಗಾದ್ರೂ ಕೊಟ್ಬಿಡ್ತಾಳೆ ಅಂದ್ಲು. ಚಿಕ್ಕವಳು ಅಜ್ಜಿ, ಮನಸ್ಸು ಬದಲಾಗುತ್ತೆ. ಹೋಗಿ ಬಂದು ಮಾಡೋಣ."

ಇಬ್ಬರೂ ಒಳಗೆ ಬಂದರು. ಹೊಸ ಒಲೆ ಧಗಧಗ ಉರಿಯುತ್ತಿತ್ತು. ಮಂಚದ ಮೇಲೆ ಹಾಸಿಗೆ ಹಾಸಿ, ದಿಂಬನ್ನು ಒಲೆಯ ಮುಂದೆ ಕಾಯಿಸಲು ಇಟ್ಟಿದ್ದಳು. ತಾಗುಹಿ ಮೇಜಿನ ಮುಂದೆ ಕೂತಳು, ಇನ್ನೇನು ಈ ಮುದುಕಿ ಗಿಣ್ಣು, ರೊಟ್ಟಿ, ಕಾಫಿ ಎಂದು ಓಡಾಡುತ್ತಾಳೆ, ಬೇಡ ಅನ್ನಬೇಕು ಎಂದುಕೊಂಡಳು.

ನುನುಫರ್ ಓಡಾಡಲಿಲ್ಲ. ಎದುರಿಗೆ ಕೂತು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಮನೇಲಿ ಏನೂ ಇಲ್ಲ ಮಗಳೇ," ಎಂದಳು.