ಕಲ್ಯಾಣದುರ್ಗದಿಂದ ಬಂದ ಅಪ್ಪ

ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾಗಿದ್ದ ಮುತ್ಯಾಲಪ್ಪ 1955ರಲ್ಲಿ ಆ ಕೆಲಸ ಬಿಟ್ಟು, ಇನ್ನು ಮೇಲೆ ಚಿತ್ರ ಬರೆಯುವುದೇ ತನ್ನ ಉದ್ಯೋಗ ಎಂದು ನಾಲ್ಕು ಜನರ ಮುಂದೆ ಹೇಳಿದ. ನಾಲ್ಕು ಜನರೂ ತಲೆಯಾಡಿಸಿದರು. ಆಮೇಲೆ ಆರು ವರ್ಷ, ದಾರಿಯಲ್ಲಿ ಸಿಕ್ಕಾಗಲೆಲ್ಲ, "ಚಿತ್ರ ಬರೀತೀಯ, ಸರಿ. ಕೆಲ್ಸ ಏನ್ ಮಾಡ್ತೀಯ?" ಎಂದು ಕೇಳುತ್ತಲೇ ಇದ್ದರು.

ಕೆಲಸಕ್ಕೇನೂ ಕಡಿಮೆ ಇರಲಿಲ್ಲ. ಅಂಗಡಿಗಳ ಬೋರ್ಡು, ನಾಟಕದ ಪರದೆಯ ಮೇಲೆ ಕಾಡು ಮತ್ತು ಅರಮನೆ, ಇವೆಲ್ಲಕ್ಕಿಂತ ಹೆಚ್ಚಾಗಿ ಸತ್ತವರು. ಜನ ತೀರಿಕೊಂಡ ಅಪ್ಪನದೋ ತಾತನದೋ ಬೆರಳುದ್ದದ ಫೋಟೋ ತಂದುಕೊಡುತ್ತಿದ್ದರು. ಮುತ್ಯಾಲಪ್ಪ ಅದನ್ನು ಎರಡಡಿ ಎತ್ತರಕ್ಕೆ ಹಿಗ್ಗಿಸಿ, ಬಣ್ಣ ತುಂಬಿ, ಗಾಜು ಹಾಕಿಸಿ ಕೊಡುತ್ತಿದ್ದ. ಬದುಕಿದ್ದಷ್ಟು ದಿನ ಒಂದೇ ಪಂಚೆಯಲ್ಲಿ ಕಾಲ ಹಾಕಿದವರಿಗೂ ಅವನ ಕೈಯಲ್ಲಿ ಜರಿಯ ಶಾಲು ಬರುತ್ತಿತ್ತು. ಮಕ್ಕಳು ಕೇಳಿದರೆ ಕೈಗಡಿಯಾರವನ್ನೂ ಕಟ್ಟುತ್ತಿದ್ದ.

ಊರಿನವರ ಅಪ್ಪಂದಿರನ್ನೆಲ್ಲ ಬರೆದ ಈ ಮನುಷ್ಯನಿಗೆ ತನ್ನ ಅಪ್ಪನನ್ನು ಬರೆಯಲು ಆಗಿರಲಿಲ್ಲ. ಅಪ್ಪ ಪ್ಲೇಗಿನಲ್ಲಿ ಹೋದಾಗ ಇವನಿಗೆ ಒಂದೂವರೆ ವರ್ಷ. ಫೋಟೋ ಅನ್ನುವುದು ಆ ಮನೆಯವರ ಕಿವಿಗೂ ಬಿದ್ದಿರದ ಕಾಲ. ಹಾಗಾಗಿ ಅವನು ತಾಯಿ ನಾರಮ್ಮನ ಪಕ್ಕ ಕುಳಿತು, ಹಣೆ ಹೇಗಿತ್ತು, ಮೂಗು ಹೇಗಿತ್ತು ಎಂದು ಕೇಳಿ ಕೇಳಿ ಬರೆಯುತ್ತಿದ್ದ. ಬರೆದು ತಂದು ತೋರಿಸಿದರೆ ನಾರಮ್ಮ ದೂರ ಹಿಡಿದು, ಹತ್ತಿರ ಹಿಡಿದು, "ಇವ್ನಲ್ಲ ಕಣಪ್ಪ. ಇವ್ನು ಯಾರೋ ಅಮಲ್ದಾರ ಇದ್ದಂಗವ್ನೆ," ಎನ್ನುವಳು. ಮುಂದಿನದನ್ನು ನೋಡಿ, "ಇವ್ನು ಕೋಪಿಷ್ಠ," ಎಂದಳು. ಇನ್ನೊಂದು ಸಲ, "ಇವ್ನು ಸಾಲ ಕೇಳಾಕೆ ಬಂದೋನು," ಎಂದಳು. ಹೀಗೆ ಹನ್ನೆರಡು ಅಪ್ಪಂದಿರು ಅಟ್ಟ ಸೇರಿದರು. ಹನ್ನೆರಡನೆಯದು ಆದ ಮೇಲೆ ಮುತ್ಯಾಲಪ್ಪ ಕೇಳುವುದನ್ನೂ ಬಿಟ್ಟ, ಬರೆಯುವುದನ್ನೂ ಬಿಟ್ಟ. ಅದು 1957.

ಅಪ್ಪನನ್ನು ಬಿಟ್ಟ ಕೈಗೆ ಬೈಲಪ್ಪ ಸಿಕ್ಕಿಕೊಂಡ.

ಬೈಲಪ್ಪ ಕಲ್ಯಾಣದುರ್ಗದ ಹಳೆಯ ಚಿತ್ರಗಾರ. ತೀರಿಕೊಂಡು ಬಹಳ ವರ್ಷವಾಗಿತ್ತು. ಫೋಟೋ ಇಲ್ಲದ ಕಾಲದಲ್ಲಿ ಅವನು ಸತ್ತವರ ಮನೆಗೆ ಹೋಗಿ ಎರಡು ದಿನ ಇದ್ದು, ಅವರ ಜೊತೆ ಉಂಡು, ಮಗಳ ಮೂಗು, ತಮ್ಮನ ಕಿವಿ, ಮೊಮ್ಮಗನ ಗಲ್ಲ ನೋಡಿಕೊಂಡು, ಅವನ್ನೆಲ್ಲ ಕೂಡಿಸಿ ಹಲಗೆಯ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿದ್ದನಂತೆ. ಮೊದಲ ಸಲ ಅಂಥ ಹಲಗೆಯನ್ನು ನೋಡಿದಾಗ ಮುತ್ಯಾಲಪ್ಪ ಹತ್ತಿರ ಹೋಗಿ ಅದರ ಕಣ್ಣನ್ನೇ ನೋಡುತ್ತ ನಿಂತ. ಆ ಕಣ್ಣು ತನ್ನಿಂದ ಈ ಜನ್ಮದಲ್ಲಿ ಬರುವುದಿಲ್ಲ ಎಂದು ಅವನಿಗೆ ನಿಂತಲ್ಲೇ ತಿಳಿಯಿತು. ಹೊಟ್ಟೆಕಿಚ್ಚುಪಡಬೇಕೆಂದರೂ ಆಗಲಿಲ್ಲ. ಅಷ್ಟು ಚೆನ್ನಾಗಿತ್ತು.

ಆಗ ಎಲ್ಲರಿಗೂ ಫೋಟೋದ ಹುಚ್ಚು. ಗಾಜು ಹಾಕಿದ ಹೊಸ ಚಿತ್ರ ಗೋಡೆಗೆ ಬಂದರೆ ಬೈಲಪ್ಪನ ಹಲಗೆ ದನದ ಕೊಟ್ಟಿಗೆಯ ಕಿಟಕಿಗೆ ಹೋಗುತ್ತಿತ್ತು. ಮುತ್ಯಾಲಪ್ಪ ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋಗಿ, ಹಲಗೆ ನೋಡಿಕೊಂಡು ಹೊಸದು ಬರೆದುಕೊಟ್ಟು ಹಳೆಯದನ್ನು ಕಂಬಳಿಯಲ್ಲಿ ಸುತ್ತಿ ತರತೊಡಗಿದ. ಮೂರು ವರ್ಷದಲ್ಲಿ ಒಂಬತ್ತು ಹಲಗೆ ಸೇರಿದವು. ಬಂಗಾರದಂಥ ಕೆಲಸ ಕೊಟ್ಟು ಕೊಟ್ಟಿಗೆಯ ಕಿಟಕಿ ತರುವ ದಡ್ಡ ಎಂದು ಕಲ್ಯಾಣದುರ್ಗದಲ್ಲಿ ಅವನಿಗೆ ಒಳ್ಳೆಯ ಹೆಸರು ಬಂತು.

ತೊಂದರೆ ಬಂದದ್ದು ಅವನ ಹೆಂಡತಿ ಶಿವಲಕ್ಷ್ಮಮ್ಮನಿಗೆ. ಕಲೆ ಎಂದು ಗಂಡ ಹೇಳಿದ್ದನ್ನು ಅವಳು ಅಲ್ಲಗಳೆಯಲಿಲ್ಲ. ಆದರೆ ಗೋಡೆಯ ಮೇಲೆ ಸತ್ತವರಿದ್ದರೆ ಪೆದ್ದಲ ಅಮಾಸೆಯ ದಿನ, ಅಂದರೆ ಹಿರಿಯರ ಹಬ್ಬಕ್ಕೆ, ಅವರಿಗೆ ಎಡೆ ಇಡಲೇಬೇಕು. ಊಟ ಹಾಕದೆ ಹಿರಿಯರನ್ನು ನೇತುಹಾಕಿಕೊಂಡ ಮನೆ ಯಾವುದಿದೆ? ಹಾಗಾಗಿ ಪ್ರತಿ ವರ್ಷ ಹೆಸರು ಗೊತ್ತಿಲ್ಲದ, ಜಾತಿ ಗೊತ್ತಿಲ್ಲದ ಕಲ್ಯಾಣದುರ್ಗದವರಿಗೆ ಅವಳು ಎಲೆ ಹಾಕಿದಳು.

"ತರೋದು ತತ್ತೀಯ. ಇವ್ರು ತಿನ್ನೋರಾ, ತಿನ್ನದೋರಾ, ಅದನ್ನಾದ್ರೂ ಕೇಳ್ಕಂಡು ಬಾ," ಎಂದಳು.

ನ್ಯಾಯವಾದ ಮಾತು. ಅಂದಿನಿಂದ ಮುತ್ಯಾಲಪ್ಪ ಮಾಂಸ ತಿನ್ನುವವರೋ ಇಲ್ಲವೋ ಎಂದು ವಿಚಾರಿಸಿ, ಹಲಗೆಯ ಹಿಂದೆ ಸೀಮೆಸುಣ್ಣದಲ್ಲಿ ಬರೆದು ತಂದ. ಐವರು ತಿನ್ನುವವರು, ನಾಲ್ವರು ತಿನ್ನದವರು.

ಒಂಬತ್ತನೆಯವರ ಹೆಸರು ಈರಲಿಂಗಪ್ಪ. ಮೊಟ್ಟೆಯನ್ನೂ ಮುಟ್ಟದ ಮನೆತನ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಎಣ್ಣೆಯ ಮಿಲ್ಲು ನಡೆಸುವ ಅವರ ಮಗ ಕೊಂಡಪ್ಪನೇ ಹಲಗೆಯನ್ನು ಕೊಟ್ಟಿದ್ದ. ಬೈಲಪ್ಪನ ಹಲಗೆಗಳಲ್ಲೆಲ್ಲ ಅದೇ ಒಳ್ಳೆಯದು. ಯಾರೋ ಈಗತಾನೇ ಹೆಸರು ಹಿಡಿದು ಕರೆದಂತೆ ಆ ಮನುಷ್ಯ ಸ್ವಲ್ಪ ತಿರುಗಿ ನೋಡುತ್ತಿದ್ದ. ಅದು ಬಂದ ವರ್ಷದ ಅಮಾಸೆಯ ದಿನ ನಾರಮ್ಮ ಎಡೆಗಳ ಸಾಲು ದಾಟಿ ಬಂದು, ಆ ಹಲಗೆಯ ಮುಂದೆ ನಿಂತುಬಿಟ್ಟಳು.

"ನಿಮ್ಮಪ್ಪ," ಎಂದಳು.

"ಅವ್ವಾ, ಅವ್ರು ಈರಲಿಂಗಪ್ಪ ಅಂತ. ಕಲ್ಯಾಣದುರ್ಗದೋರು."

"ನಿಮ್ಮಪ್ಪನ್ನ ಕಂಡೋಳು ನಾನಾ, ನೀನಾ?"

ನಾರಮ್ಮ ಈರಲಿಂಗಪ್ಪನವರ ಎಲೆಯ ಮೇಲಿದ್ದ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿ ಕೋಳಿಸಾರು ಬಡಿಸಿದಳು. ತನ್ನ ಗಂಡನಿಗೆ ಅದೇ ಇಷ್ಟ ಎಂದಳು. ಮುತ್ಯಾಲಪ್ಪ ಹಲಗೆಯನ್ನು ತಿರುಗಿಸಿ ಹಿಂದಿನ ಬರಹವನ್ನು ಹೊಡೆದುಹಾಕಿ, "ತಿನ್ನುವವರು" ಎಂದು ತಿದ್ದಿದ. ಹನ್ನೆರಡು ಸಲ ತನ್ನಿಂದಾಗದ ಕೆಲಸವನ್ನು ಸತ್ತ ಬೈಲಪ್ಪ ಇನ್ಯಾರನ್ನೋ ಬರೆಯಲು ಹೋಗಿ ಮಾಡಿಬಿಟ್ಟಿದ್ದ. ಮುತ್ಯಾಲಪ್ಪನಿಗೆ ಅವಮಾನವಾಯಿತು. ಅಪ್ಪನ ಮುಖ ಸಿಕ್ಕಿತಲ್ಲ ಎಂದು ಕಣ್ಣಲ್ಲಿ ನೀರೂ ಬಂತು. ಅಂದಿನಿಂದ ಬೆಳಿಗ್ಗೆ ನಾರಮ್ಮ ಹಲಗೆಯ ಮುಂದೆ ಕುಳಿತು, ಬೆಲ್ಲದ ಧಾರಣೆಯಿಂದ ಹಿಡಿದು ಸೊಸೆಯ ಸಾರಿನವರೆಗೆ ಎಲ್ಲವನ್ನೂ ಗಂಡನಿಗೆ ವರದಿ ಮಾಡತೊಡಗಿದಳು.

ಮರುವರ್ಷ ಅಮಾಸೆಗೆ ಇನ್ನು ಹದಿನೈದು ದಿನವಿರುವಾಗ ಕೊಂಡಪ್ಪ ಬಂದ. ಬಗಲಲ್ಲಿ ಮುತ್ಯಾಲಪ್ಪನೇ ಬರೆದುಕೊಟ್ಟಿದ್ದ ಗಾಜಿನ ಚಿತ್ರವಿತ್ತು.

"ಇದನ್ನ ಮಡಿಕ್ಕಳ್ಳಿ. ಹಲಗೆ ವಾಪಸ್ ಕೊಡ್ರಿ," ಎಂದ.

ಆಗಿದ್ದು ಇಷ್ಟು. ಅವನ ತಾಯಿ ಗಂಗಾದೇವಿ ಮಗಳ ಬಾಣಂತನಕ್ಕೆಂದು ಬೆಳುಗುಪ್ಪಕ್ಕೆ ಹೋಗಿದ್ದಾಗ ಇವನು ಹಲಗೆ ಕೊಟ್ಟಿದ್ದ. ವಾಪಸು ಬಂದ ತಾಯಿಗೆ ರಿಪೇರಿಗೆ ಕಳಿಸಿದ್ದೇನೆ ಎಂದಿದ್ದ. ಒಂದು ವರ್ಷ ರಿಪೇರಿ ನಡೆಯಿತು. ಈಗ ಆಕೆ ಊಟ ಬಿಟ್ಟು ಕುಳಿತಿದ್ದಳು.

"ಅಪ್ಪ ಗಾಜಿನೊಳಗೆ ಕುಂತವ್ರೆ, ಬೊಟ್ಟು ಇಟ್ರೆ ಜಾರ್ತೈತೆ ಅಂತಾಳೆ. ಏನ್ ಮಾಡಾದು, ಹೇಳ್ರಿ," ಎನ್ನುತ್ತ ಕೊಂಡಪ್ಪ ಗೋಡೆಯ ಹಲಗೆಯನ್ನು ಕೆಳಗಿಳಿಸಿ, ತಿರುಗಿಸಿ ನೋಡಿದ. ಬಹಳ ಹೊತ್ತು ಓದಿದ. "ಇದೇನ್ರೀ? ನಮ್ಮಪ್ಪ ಯಾವಾಗಿಂದ ತಿನ್ನೋರು?"

"ಹೋದ ವರ್ಷದಿಂದ," ಎಂದ ಮುತ್ಯಾಲಪ್ಪ.

ಕೊಂಡಪ್ಪ ಒಳ್ಳೆಯವನು, ಜಗಳ ತೆಗೆಯಲಿಲ್ಲ. ಮುತ್ಯಾಲಪ್ಪ ಬಣ್ಣ ಏಳುತ್ತಿದೆ, ಸರಿಮಾಡಿ ಹತ್ತು ದಿನದಲ್ಲಿ ನಾನೇ ತಂದುಕೊಡುತ್ತೇನೆ ಎಂದು ಅವನನ್ನು ಬಸ್ಸು ಹತ್ತಿಸಿದ. ಬಸ್ಸು ತಿರುಗುವ ಮೊದಲೇ ಅವನ ಮನಸ್ಸಿನಲ್ಲಿ ಕಳ್ಳತನ ಮೂಡಿತ್ತು. ತಾಯಿಗೆ ನಲವತ್ತು ವರ್ಷದ ಮೇಲೆ ಸಿಕ್ಕಿದ ಗಂಡನನ್ನು ಹೇಗೆ ಕಿತ್ತುಕೊಡುವುದು? ತಾನಾದರೂ ಆ ಹಲಗೆ ಬಿಟ್ಟು ಹೇಗಿರುವುದು?

ಅವನು ಹಳೆಯ ಹಲಗೆಯೊಂದನ್ನು ಹುಡುಕಿ ತಂದು ಬೈಲಪ್ಪನನ್ನು ನಕಲು ಮಾಡಲು ಕುಳಿತ. ಆ ಹತ್ತು ದಿನ ಕಲಿತಷ್ಟನ್ನು ಅವನು ಆರು ವರ್ಷದಲ್ಲಿ ಕಲಿತಿರಲಿಲ್ಲ. ಕಣ್ಣು ಕೂಡ ಬಂತು, ಅಥವಾ ಬಂದಂತೆ ಕಂಡಿತು. ದೀಪದ ಮಸಿ ಹಿಡಿದ ಅಂಚನ್ನು ಬರೆದ. ಹಣೆಯ ಮೇಲೆ ಸೋಮವಾರ ಸೋಮವಾರ ಗಂಧದ ಬೊಟ್ಟು ಇಟ್ಟು ಇಟ್ಟು ಆಗಿದ್ದ ಹಳದಿ ಕಲೆಯನ್ನೂ ಬರೆದ. ಮೂವತ್ತು ವರ್ಷದ ಗಂಧ ಮೂರು ಗಂಟೆಯಲ್ಲಿ ಮುಗಿಯಿತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೆಂಡತಿಯನ್ನು ಕರೆದರೆ, ಅವಳು ಎರಡನ್ನೂ ನೋಡಿ, "ಹತ್ತನೇ ಎಡೇನಾ?" ಎಂದು ಮಾತ್ರ ಕೇಳಿದಳು. ಮುತ್ಯಾಲಪ್ಪನಿಗೆ ಧೈರ್ಯ ಬಂತು.

ಕಲ್ಯಾಣದುರ್ಗದಲ್ಲಿ ಕೊಂಡಪ್ಪ ನಕಲನ್ನು ನೋಡಿ ಕೈಮುಗಿದ. ಒಳಗಿನಿಂದ ಗಂಗಾದೇವಿ ಗೋಡೆ ಹಿಡಿದುಕೊಂಡು ಬಂದಳು. ಕಣ್ಣಿಗೆ ಪೊರೆ ಬಂದಿತ್ತು. ಮುತ್ಯಾಲಪ್ಪ ಅದನ್ನು ನೋಡಿ, ನಾಚಿಕೆಗೆಟ್ಟವನು, ಒಳಗೊಳಗೇ ಸಮಾಧಾನಪಟ್ಟುಕೊಂಡ. ಆಕೆ ಹಲಗೆಯ ಎದುರು ಕುಳಿತು, ಹೆಬ್ಬೆರಳಿಗೆ ಗಂಧ ಹಚ್ಚಿಕೊಂಡು, ಹಣೆಯ ಮೇಲೆ ಇಟ್ಟಳು. ಬೆರಳು ಅಲ್ಲೇ ನಿಂತಿತು. ಆ ಕಡೆ ಸವರಿದಳು, ಈ ಕಡೆ ಸವರಿದಳು.

"ಇಲ್ಲಿ ಗಡ್ಡೆ ಕಟ್ಟಿತ್ತು," ಎಂದಳು. "ನನ್ನ ಬೆಟ್ಟು ಕೂರೋ ಜಾಗ. ಇದು ನುಣ್ಣಗೈತೆ. ಇವ್ರು ನಮ್ಮೋರಲ್ಲ."

ಮುತ್ಯಾಲಪ್ಪನ ಕಡೆಗೆ ತಿರುಗಿದಳು.

"ನಮ್ಮೋರು ಎಲ್ಲವ್ರಪ್ಪ?"

"ನಮ್ಮವ್ವನ ಹತ್ರ ಅವ್ರೆ."

ಗಂಗಾದೇವಿ ಹೆಬ್ಬೆರಳಿನ ಗಂಧವನ್ನು ಸೆರಗಿಗೆ ಒರೆಸಿಕೊಂಡಳು. "ನಿಮ್ಮವ್ವಂಗೆ ನಮ್ಮೋರು ಏನಾಗ್ಬೇಕು?"

ಮುತ್ಯಾಲಪ್ಪ ಎಲ್ಲವನ್ನೂ ಹೇಳಿದ. ಪ್ಲೇಗು, ಹನ್ನೆರಡು ಚಿತ್ರ, ಕೋಳಿಸಾರು, ಯಾವುದನ್ನೂ ಬಿಡಲಿಲ್ಲ. ಕೋಳಿಸಾರಿಗೆ ಆಕೆ ಮುಖ ಗಂಟಿಕ್ಕಿದಳು.

"ಕದ್ದು ತರಬ್ಯಾಡ," ಎಂದಳು ಕೊನೆಗೆ. "ನಿಮ್ಮವ್ವಂಗೆ ಹೇಳು, ಇವ್ರು ನಿನ್ನ ಗಂಡ ಅಲ್ಲ, ಇಂಥೋಳ ಗಂಡ ಅಂತ. ಆಯಮ್ಮ ಕೊಟ್ರೆ ತಕಂಬಾ. ಕೊಡ್ದೆ ಇದ್ರೆ ನಾನೇ ಬತ್ತೀನಿ, ಇಬ್ರೂ ಕುಂತು ಮಾತಾಡ್ತೀವಿ."

ಹಿಂದೂಪುರಕ್ಕೆ ಬಂದ ಮರುದಿನ ಬೆಳಿಗ್ಗೆ ನಾರಮ್ಮ ಹಲಗೆಯ ಮುಂದೆ ಕುಳಿತಿದ್ದಾಗ ಮುತ್ಯಾಲಪ್ಪ ಗಂಗಾದೇವಿಯ ಬೊಟ್ಟಿನ ಸಂಗತಿಯನ್ನೂ ಅವಳ ಮಾತನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ. ತಾಯಿ ಅಳುತ್ತಾಳೆ, ಬಯ್ಯುತ್ತಾಳೆ ಎಂದು ಮೈಯೆಲ್ಲ ಬಿಗಿಹಿಡಿದು ನಿಂತಿದ್ದ.

"ಕೊಟ್ಬುಡು ನಾಯ್ನಾ," ಎಂದಳು ನಾರಮ್ಮ. "ಪಾಪ, ಆಯಮ್ಮ ಮೂವತ್ತು ವರ್ಸ ಬೊಟ್ಟಿಟ್ಟವ್ಳೆ."

"ಅಪ್ಪ ಅಂದ್ಯಲ್ಲವ್ವಾ?"

"ಅಂದೆ."

"ಅಪ್ಪ ಹಂಗಿರ್ಲಿಲ್ವಾ?"

"ನಂಗೇನು ಗೊತ್ತು?" ನಾರಮ್ಮ ಸೆರಗಿನಿಂದ ಹಲಗೆಯ ಧೂಳು ಒರೆಸಿದಳು. "ನಾಕು ವರ್ಸ ಬಾಳ್ವೆ ಮಾಡ್ದೆ. ಮನೆ ತುಂಬ ಜನ. ಅತ್ತೆ ಮುಂದೆ ತಲೆ ಎತ್ತಂಗಿರ್ಲಿಲ್ಲ, ಮಾವನ ಮುಂದೆ ಮೊದ್ಲೇ ಇಲ್ಲ. ಮುಖ ನೆಟ್ಟಗೆ ನೋಡಿದ್ದೇ ಕಮ್ಮಿ. ಕಾಲು ನೆಪ್ಪೈತೆ. ಕಾಲು ಬೇಕಾದ್ರೆ ಹೇಳ್ತೀನಿ."

ಮುತ್ಯಾಲಪ್ಪ ಅಟ್ಟದ ಕಡೆ ಕೈ ತೋರಿಸಿದ. "ಮತ್ತೆ ನಾನು ಬರ್ದಿದ್ದಕ್ಕೆಲ್ಲ ಅಲ್ಲ, ಅಲ್ಲ ಅಂದ್ಯಲ್ಲ. ಹನ್ನೆಲ್ಡು!"

"ಹೂಂ ಅಂದಿದ್ರೆ ನೀನು ಎದ್ದು ಹೋಯ್ತಿದ್ದೆ. ಅಲ್ಲ ಅಂದ್ರೆ ಇನ್ನೊಂದ್ ದಪ ಬಂದು ಪಕ್ಕದಾಗೆ ಕುಂತ್ಕಂತಿದ್ದೆ. ಅಪ್ಪ ಹೆಂಗಿದ್ದ ಅಂತ ಕೇಳ್ತಿದ್ದೆ. ಈ ಮನೇಲಿ ಅವ್ರ ಮಾತು ಎತ್ತೋನು ನೀನೊಬ್ನೇ. ಆಮೇಲೆ ನೀನೂ ಬಿಟ್ಬುಟ್ಟೆ. ಮೂರು ವರ್ಸ ಕಾದೆ. ಅದ್ಕೇ ಈ ಹಲಗೆ ತೋರ್ಸಿ ನಿಮ್ಮಪ್ಪ ಅಂದೆ. ನಾನು ಯಾರ ಜೊತೇಲಿ ಮಾತಾಡ್ಲಿ?"

ಹನ್ನೆರಡು ಸಲ ಅವಳು ನೋಡಿದ್ದು ಚಿತ್ರವನ್ನಲ್ಲ, ತನ್ನನ್ನು ಎಂದು ತಿಳಿದಾಗ ಮುತ್ಯಾಲಪ್ಪನಿಗೆ ಅಳು ಒತ್ತರಿಸಿ ಬಂತು. ಅತ್ತ. ಅಡುಗೆಮನೆಯಿಂದ ಶಿವಲಕ್ಷ್ಮಮ್ಮ ಇಣುಕಿ ನೋಡಿ ಒಳಗೆ ಹೋದಳು. ಅವನು ಹಲಗೆಯನ್ನು ಇಳಿಸಿ, ಹಿಂದಿನ ಬರಹವನ್ನು ಒರೆಸಿ ಮೊದಲಿದ್ದಂತೆ ಬರೆದು, ಕಂಬಳಿಯಲ್ಲಿ ಸುತ್ತಿದ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಬಂದು ತಾಯಿಯ ಪಕ್ಕ ಕುಳಿತ.

"ಕಾಲು ಹೆಂಗಿತ್ತವ್ವಾ?"

ನಾರಮ್ಮ ಕಾಲು ನೀಡಿ, ಗೋಡೆಗೊರಗಿ, ಶುರುಮಾಡಿದಳು. ಬೆಲ್ಲದ ಗಾಡಿಯ ಜೊತೆ ಗೋರಂಟ್ಲದಿಂದ ನಡೆದು ಬಂದ ಕಾಲು, ಹಿಮ್ಮಡಿ ಒಡೆದು ರಕ್ತ ಬಂದಾಗ ತಾನು ಹರಳೆಣ್ಣೆ ಹಚ್ಚಿದ್ದು, ಕಚಗುಳಿಗೆ ಅವರು ನಕ್ಕಿದ್ದು, ಅತ್ತೆ ಕೇಳಿಸಿಕೊಂಡು ಕೆಮ್ಮಿದ್ದು. ಅಪ್ಪ ನಗುತ್ತಿದ್ದ ಎಂಬುದೇ ಮುತ್ಯಾಲಪ್ಪನಿಗೆ ಅದುವರೆಗೆ ಗೊತ್ತಿರಲಿಲ್ಲ. ಪೆನ್ಸಿಲ್ಲು ಕಿವಿಯ ಮೇಲೇ ಇತ್ತು. ಬರೆದರೆ ಎಲ್ಲಿ ಇವಳು ಹೂಂ ಅಂದುಬಿಡುತ್ತಾಳೋ ಎಂದು ಹೆದರಿ ಅವನು ಅದನ್ನು ಮುಟ್ಟಲಿಲ್ಲ. ಪೆನುಕೊಂಡದ ಬಸ್ಸು ಹೋಯಿತು.